ವೆಟ್‌ಸೂಟ್ ಯಾವಾಗ ಬೇಕು: ಸೂಳೆಕೆರೆಯಿಂದ ಜಂಸ್ಕಾರ್‌ವರೆಗೆ

ಜನವರಿಯ ನಸುಕಿನಲ್ಲಿ ಸೂಳೆಕೆರೆ ಏರಿ ಮೇಲೆ ನಿಂತರೆ ಮೈ ನಡುಗುತ್ತದೆ. ಕೆರೆಗೆ ಕೈ ಹಾಕಿದರೆ ನೀರು ಬೆಚ್ಚಗೆ. ಹಿಮ ಕರಗಿ ಹರಿಯುವ ಲಡಾಖ್‌ನ ಹೊಳೆ ಜಂಸ್ಕಾರ್‌ನಲ್ಲಿ ಇದು ತಿರುವುಮುರುವು: ಜುಲೈ ಬಿಸಿಲಿಗೆ ಬೆನ್ನು ಸುಡುತ್ತಿರುತ್ತದೆ, ನೀರು ಕೊರೆಯುತ್ತಿರುತ್ತದೆ. ಹಾಗಾಗಿ ಹುಟ್ಟು ಹಾಕುವ ಕಿರುದೋಣಿ ಕಯಾಕ್‌ಗೆ ಏನು ತೊಡಬೇಕು ಅನ್ನುವುದನ್ನು ನಾನು ನೀರು ಅಳೆದೇ ತೀರ್ಮಾನಿಸುತ್ತೇನೆ.

ಮೀನಿನ ತೊಟ್ಟಿಗೆ ಹಾಕುವ, ಉದ್ದ ವೈರಿನ ಡಿಜಿಟಲ್ ಥರ್ಮಾಮೀಟರ್ ಸಾಕು. ಐಸ್ ಪುಡಿ ತುಂಬಿದ ಲೋಟದಲ್ಲಿ ಸ್ವಲ್ಪ ನೀರು ಹಾಕಿ, ಕಲಸಿ, ಅದ್ದಿ ನೋಡಿ. ಸೊನ್ನೆಯ ಆಸುಪಾಸು ತೋರಿಸದಿದ್ದರೆ ಬೇರೆ ತನ್ನಿ. ವೈರಿನ ತುದಿಗೆ ಕಬ್ಬಿಣದ ನಟ್ ಕಟ್ಟಿ ಒಂದು ಗೇಣು ಆಳಕ್ಕೆ, ಆಮೇಲೆ ಒಂದು ಮೀಟರ್‌ಗೆ ಇಳಿಸಿ, ಎರಡೆರಡು ನಿಮಿಷ ಬಿಡಿ. ಕಡಿಮೆ ಬಂದ ಅಂಕಿಯೇ ಲೆಕ್ಕಕ್ಕೆ. ದಡದ ಮೊಣಕಾಲುದ್ದದ ನೀರು ಬಿಸಿಲಿಗೆ ಕಾದು ಸುಳ್ಳು ಹೇಳುತ್ತದೆ. ದೊಡ್ಡ ಜಲಾಶಯದ ತಳದ ತೂಬಿನಿಂದ ಬರುವ ನೀರು ಬೇಸಿಗೆಯಲ್ಲಿ ಮೇಲ್ನೀರಿಗಿಂತ ತಣ್ಣಗಿರುತ್ತದೆ. ಕೆಳಗಿನ ಹೊಳೆಯಲ್ಲಿ ಹೋಗುವುದಾದರೆ ಅಲ್ಲೇ ಬೇರೆ ಅಳೆಯಿರಿ.

ನೀರು 25 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಪಾಲಿಯೆಸ್ಟರ್ ಅಂಗಿ, ಲೈಫ್ ಜಾಕೆಟ್. 20ರಿಂದ 25ರೊಳಗೆ ಗಾಳಿಯನ್ನೂ ನೋಡುತ್ತೇನೆ. ಮಾರಿಕಣಿವೆ ಹಿನ್ನೀರಿನ ನಡುವೆ ಗಾಳಿ ಎದ್ದರೆ ಒದ್ದೆ ಮೈ ಬೇಗ ಆರಿ ಥಂಡಿ ಹಿಡಿಯುತ್ತದೆ, ಅದಕ್ಕೆ ಗಾಳಿ ತಡೆಯುವ ಜಾಕೆಟ್. ಹೊಸಬರಿದ್ದರೆ ಒಳಗೆ ತೆಳು ನಿಯೋಪ್ರೀನ್ (ನೊರೆ ರಬ್ಬರ್) ಅಂಗಿ. 15ರಿಂದ 20ಕ್ಕೆ ತೋಳಿಲ್ಲದ 3 ಮಿ.ಮೀ. ದಪ್ಪದ ವೆಟ್‌ಸೂಟ್ (ಮೈಗಂಟುವ ನಿಯೋಪ್ರೀನ್ ಉಡುಪು), ಮೇಲೆ ಗಾಳಿ ತಡೆಯುವ ಜಾಕೆಟ್. 15ಕ್ಕಿಂತ ಕೆಳಗೆ ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು), ಒಳಗೆ ಉಣ್ಣೆ ಅಥವಾ ಫ್ಲೀಸ್, ಕೈಗವಸು. ಹತ್ತಿ ಬನಿಯನ್, ಜೀನ್ಸ್ ಯಾವ ಥಂಡಿಗೂ ಬೇಡ.

ಗಾಳಿಯ ಮತ್ತು ನೀರಿನ ಶಾಖವನ್ನು ಫ್ಯಾರನ್‌ಹೀಟ್‌ನಲ್ಲಿ ಕೂಡಿಸಿ, 120 ದಾಟಿದರೆ ವೆಟ್‌ಸೂಟ್ ಬೇಡ ಅನ್ನುವ ಹಳೆಯ ಲೆಕ್ಕ ಒಂದಿದೆ. ಬಿಸಿಲು 30 ಡಿಗ್ರಿ, ಹೊಳೆ 12 ಡಿಗ್ರಿ ಅಂದುಕೊಳ್ಳಿ. ಫ್ಯಾರನ್‌ಹೀಟ್‌ನಲ್ಲಿ 86, 54; ಕೂಡಿ 140. ಲೆಕ್ಕದ ಪ್ರಕಾರ ಚಡ್ಡಿಯಲ್ಲೇ ಹೋಗಬಹುದು! 12 ಡಿಗ್ರಿ ನೀರಿಗೆ ದಿಢೀರನೆ ಬಿದ್ದವರಿಗೆ ತಡೆಯಲಾಗದ ಏದುಸಿರು ಬರುತ್ತದೆ. ಬಾಯಿ ನೀರೊಳಗಿದ್ದಾಗ ಆ ಉಸಿರು ಎಳೆದರೆ ಈಜು ಬಲ್ಲವರೂ ಮುಳುಗುತ್ತಾರೆ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದು ಎಷ್ಟೋ ಆಮೇಲೆ. ಅದಕ್ಕೂ ಮೊದಲೇ ಬೆರಳು ಮಾತು ಕೇಳುವುದಿಲ್ಲ. ಈ ಲೆಕ್ಕವನ್ನು ನಾನಂತೂ ಯಾರಿಗೂ ಹೇಳಿಕೊಡುವುದಿಲ್ಲ.

ಅಂಕಿ ನೋಡಿ ತೊಟ್ಟದ್ದನ್ನು ನೀರಿನಲ್ಲಿ ಪರೀಕ್ಷಿಸಬೇಕು. ದಡದ ಹತ್ತಿರ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಕುತ್ತಿಗೆಮಟ್ಟ ಹತ್ತು ನಿಮಿಷ. ಆಮೇಲೆ ಕಯಾಕ್ ಮಗುಚಿ ಮೂರು ಸಲ ಹತ್ತಿ. ಹೆಬ್ಬೆರಳು ಕಿರುಬೆರಳಿಗೆ ಮುಟ್ಟದಿದ್ದರೆ, ಲೈಫ್ ಜಾಕೆಟ್ ಬಕಲ್ ಹಾಕಲಾಗದಿದ್ದರೆ ಇನ್ನೊಂದು ಪದರ ಸೇರಿಸಿ, ಇಲ್ಲವೇ ಅವತ್ತು ದೋಣಿ ಇಳಿಸಬೇಡಿ. ನಮ್ಮ ಕಡೆಯ ಬೆಚ್ಚನೆ ನೀರಿನಲ್ಲಿ ಈ ಪರೀಕ್ಷೆ ಹಿಮದ ಹೊಳೆಗೆ ಸಾಲದು, ಅಲ್ಲಿಗೆ ಹೋದಾಗ ಮತ್ತೆ ಮಾಡಬೇಕು. ಇಲ್ಲಿ ಅಭ್ಯಾಸವಾಗುವುದು ಸೂಟ್ ತೊಟ್ಟು ಕಯಾಕ್ ಹತ್ತುವ ಕೈಚಳಕ ಮಾತ್ರ. ಅದನ್ನೂ ನಸುಕಿನಲ್ಲೇ ಮುಗಿಸಿ. ಬಿಸಿಲೇರಿದ ಮೇಲೆ ಸೂಟಿನೊಳಗೆ ಬೆಂದುಹೋಗುತ್ತೀರಿ.

ಬಾಡಿಗೆ ವೆಟ್‌ಸೂಟ್ ಸಡಿಲವಿದ್ದರೆ ಕುತ್ತಿಗೆಯಿಂದ ನೀರು ಒಳಹೊಕ್ಕು ಕಾಲಿನಿಂದ ಹೋಗುತ್ತಿರುತ್ತದೆ, ತೊಟ್ಟೂ ಒಂದೇ ಬಿಟ್ಟೂ ಒಂದೇ. ಬೆನ್ನಿನ ಕೆಳಭಾಗದಲ್ಲಿ ಹಿಡಿದೆಳೆದು ನೋಡಿ, ಮುಷ್ಟಿ ತೂರುವಷ್ಟು ಜಾಗ ಇರಬಾರದು. ಡ್ರೈಸೂಟ್ ತೊಟ್ಟಮೇಲೆ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಬೆರಳಲ್ಲಿ ಬಿಡಿಸಿ ಒಳಗಿನ ಗಾಳಿ ಹೊರಗೆ ಬಿಡಿ, ಇಲ್ಲದಿದ್ದರೆ ನೀರಿನಲ್ಲಿ ಬಲೂನಿನಂತೆ ಉಬ್ಬಿ ಕೈ ಬೀಸಲಾಗದು. ಜಿಪ್ ಕೊನೆಯ ಅರ್ಧ ಇಂಚು ಮುಚ್ಚಿದೆಯೇ ಎಂದು ಜೊತೆಯವರು ಕೈಯಿಂದ ಮುಟ್ಟಿ ನೋಡಲಿ. ವಾಪಸ್ ಬಂದು ತೊಳೆದು ನೆರಳಲ್ಲಿ ಆರಿಸಿ. ದಾವಣಗೆರೆ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಡ್ರೈಸೂಟ್‌ನ ಕುತ್ತಿಗೆಯ ಲೇಟೆಕ್ಸ್ (ತೆಳು ರಬ್ಬರ್) ಪಟ್ಟಿ ಅಂಟಂಟಾಗಿ, ಮುಂದಿನ ಸಲ ತೊಡುವಾಗ ಹರಿಯುತ್ತದೆ.