ಹೆಸರು ಬಿಟ್ಟೆ, ಹುದ್ದೆ ಹಿಡಿದೆ: ಸಿಲ್ಲೊಕ್‌ನಲ್ಲಿ ಮಿಂಗ್ ಅಧಿಕಾರಿಗಳನ್ನು ಗುರುತಿಸಿದ ನನ್ನ ಅನುಭವ

ಕೊನೆಗೂ ಆಯ್ತು. ಜಪಾನ್ ಕೊರಿಯಾ ಮೇಲೆ ದಂಡೆತ್ತಿ ಬಂದ ಇಮ್ಜಿನ್ ಯುದ್ಧದ ವರ್ಷಗಳಲ್ಲಿ, ಅಂದರೆ 1592ರಿಂದ 1598ರವರೆಗೆ, ಕೊರಿಯಾದ ಜೊಸೊನ್ ಆಸ್ಥಾನದ ಅಧಿಕೃತ ಇತಿಹಾಸ ದಾಖಲೆಯಾದ ಸಿಲ್ಲೊಕ್‌ನಲ್ಲಿ ಬರುವ ಮಿಂಗ್ (ಆಗಿನ ಚೀನಾ ರಾಜವಂಶ) ಅಧಿಕಾರಿಗಳ ಪಟ್ಟಿ ಈಗ ನನ್ನ ಹತ್ತಿರ ಇದೆ. ನೂರರ ಮೇಲೆ ಜನ. ಹುದ್ದೆ ಹಿಡಿದು ಹುಡುಕುತ್ತೇನೆ ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. ಹುದ್ದೆ ಇವತ್ತು ಒಬ್ಬನದು, ನಾಳೆ ಇನ್ನೊಬ್ಬನದು, ಅದರಿಂದ ಆಳು ಹೇಗೆ ಸಿಗುತ್ತಾನೆ ಅಂತ ಕೇಳಿದರು. ಅದು ಕೈ ಬದಲಾಯಿಸುತ್ತದಲ್ವಾ, ನನಗೆ ಬೇಕಾಗಿದ್ದೂ ಅದೇ.

ಮೊದಲು ಎಲ್ಲರೂ ಮಾಡುವ ಹಾಗೆ ಕೊರಿಯನ್ ಲಿಪಿ ಹಂಗುಲ್‌ನಲ್ಲಿ ಹೆಸರು ಹಾಕಿ ಹುಡುಕಿದೆ. ತಿಂಗಳುಗಟ್ಟಲೆ ಹೋಯ್ತು. ಮಿಂಗ್ ಸೇನಾನಿ ಲ್ಯೂ ತಿಂಗ್ ಕೊರಿಯನ್ನರ ಓದಿನಲ್ಲಿ ಯುಜೊಂಗ್. ಕೊರಿಯಾದ ಬೌದ್ಧ ಭಿಕ್ಷು ಸಮ್ಯೊಂಗ್‌ನ ಹೆಸರೂ ಯುಜೊಂಗ್. ಸಾಲದ್ದಕ್ಕೆ 1594ರಲ್ಲಿ ಇಬ್ಬರೂ ಒಂದೇ ವಿಷಯದಲ್ಲಿ ಬರುತ್ತಾರೆ: ಸೊಸೆಂಗ್‌ಪೊದಲ್ಲಿದ್ದ ಜಪಾನಿ ಸೇನಾನಿ ಕಾಟೊ ಕಿಯೊಮಸನ ಜೊತೆ ಮಾತುಕತೆಗೆ ಲ್ಯೂ ತಿಂಗ್ ಕಡೆಯಿಂದ ಹೋದವನು ಈ ಭಿಕ್ಷು. ಹಾಂಜಾ, ಅಂದರೆ ಕೊರಿಯನ್ನರು ಬಳಸುವ ಚೀನೀ ಅಕ್ಷರ ನೋಡಿದರೆ ಬೇರೆ ಬೇರೆ, ಆದರೆ ಯಂತ್ರದ ಅನುವಾದ ಇಬ್ಬರನ್ನೂ ಒಬ್ಬನೇ ಮಾಡಿಬಿಟ್ಟಿತ್ತು. ಹಳೆ ಚೀನೀ ಪುಟಗಳನ್ನು ಓದಿಸಲು ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್ ಮೂರ್ನಾಲ್ಕು ಸಾವಿರ ರೂಪಾಯಿ ತಿಂದಿತು, ಅಕ್ಷರವನ್ನೇ ತಪ್ಪು ಓದಿತು. ಹಾಂಜಾ ಪಾಠಕ್ಕೆ ಗಂಟೆಗೆ ಆರೇಳು ನೂರು ಕೊಟ್ಟೆ. ಅದೊಂದು ದುಡ್ಡು ಮಾತ್ರ ದಂಡ ಆಗಲಿಲ್ಲ.

ಆಮೇಲೆ ಒಂದು ಹಾಳೆ ಮಾಡಿದೆ. ಒಂದು ಕಡೆ ಹುದ್ದೆ, ಇನ್ನೊಂದು ಕಡೆ ಚಾಂದ್ರಮಾನ ತಿಂಗಳು. 1593ರಲ್ಲಿ ಬರೀ ‘ಜೆದೊಕ್’ (ದಂಡನಾಯಕ) ಅಂದರೆ ಲೀ ರುಸೊಂಗ್, ಪ್ಯೊಂಗ್ಯಾಂಗ್ ವಾಪಸ್ ಗೆದ್ದವನು. ‘ಗ್ಯೊಂಗ್‌ನ್ಯಾಕ್’ (ಯುದ್ಧದ ಮೇಲ್ವಿಚಾರಕ) ಅಂದರೆ ಸೊಂಗ್ ಯಿಂಗ್‌ಚಾಂಗ್, ಅವನ ನಂತರ ಗು ಯಾಂಗ್‌ಚಿಯೆನ್. ‘ಗ್ಯೊಂಗ್‌ನಿ’ (ಕೊರಿಯಾದಲ್ಲಿ ಮಿಂಗ್ ಸೇನಾ ವ್ಯವಹಾರ ನೋಡಿಕೊಳ್ಳುವವನು) ಮೊದಲು ಯಾಂಗ್ ಹಾವ್, ಆಮೇಲೆ ವಾನ್ ಶಿದೆ. 1598ರಲ್ಲಿ ಜಪಾನಿಯರ ಮೇಲೆ ನಡೆದ ಕೊನೆಯ ದಾಳಿ ಹೊತ್ತಿಗೆ ಜೆದೊಕ್‌ಗಳೇ ಜಾಸ್ತಿ, ಆಗ ತಿಂಗಳು ಸಾಲದು, ಊರು ಬೇಕು. ಉಲ್ಸಾನ್ ಕಡೆ ಆದರೆ ಮಾ ಗ್ವೆ, ಸಾಚೊನ್ ಆದರೆ ದೊಂಗ್ ಯಿಯುವಾನ್, ಸುನ್‌ಚೊನ್ ಆದರೆ ಲ್ಯೂ ತಿಂಗ್. ಸಮುದ್ರದ ಮೇಲೆ ಕೊರಿಯಾದ ನೌಕಾ ಸೇನಾನಿ ಯಿ ಸುನ್‌ಸಿನ್ ಜೊತೆ ಚೆನ್ ಲಿನ್. ಊರಿನ ಕಾಲಂ ಸೇರಿಸಿದ ದಿನವೇ ಹತ್ತಿರ ಹತ್ತಿರ ಅರ್ಧ ಗಂಟು ಬಿಚ್ಚಿಕೊಂಡಿತು. ಇದನ್ನು ಬೇರೆ ಯಾರೂ ಹೀಗೆ ಮಾಡಿದ್ದು ನಾನು ನೋಡಿಲ್ಲ.

ಯಾಂಗ್ ಹಾವ್ ಮಾತ್ರ ತುಂಬಾ ಕಾಡಿದ. ಉಲ್ಸಾನ್ ಮುತ್ತಿಗೆ ಕೈಕೊಟ್ಟ ಮೇಲೆ ದಿಂಗ್ ಯಿಂಗ್‌ತಾಯ್ ಅನ್ನುವ ಮಿಂಗ್ ಅಧಿಕಾರಿ ಅವನ ಮೇಲೆ ದೂರು ಕೊಟ್ಟ, 1598ರಲ್ಲೇ ಹುದ್ದೆ ಹೋಯ್ತು. ಆದರೆ ಜೊಸೊನ್‌ನ ಸೊಂಜೊ ರಾಜ ಅವನ ಪರವಾಗಿ ಬೀಜಿಂಗ್‌ಗೆ ದೂತರನ್ನು ಕಳಿಸಿದ, ಆಸ್ಥಾನದಲ್ಲಿ ಅವನ ಬಗ್ಗೆ ಮಾತು ನಿಲ್ಲಲೇ ಇಲ್ಲ. ಹಾಗಾಗಿ ‘ಗ್ಯೊಂಗ್‌ನಿ’ ಅಂತ ಕಂಡ ತಕ್ಷಣ ಹೊಸಬ ಅಂತ ಬರೆಯಬೇಡಿ, ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ. ಈ ಇಬ್ಬರು ಗ್ಯೊಂಗ್‌ನಿಗಳನ್ನು ಬೇರ್ಪಡಿಸಲು ಇನ್ನೊಂದು ಗುರುತು ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ಒಂದು ಪ್ರಯೋಗ ಅಂತ ಯುವಾನ್ ಶಿಕಾಯ್‌ನನ್ನೂ ಇದೇ ಹಾಳೆಗೆ ಹಾಕಿದೆ. 1885ರಿಂದ 1894ರವರೆಗೆ ಸೋಲ್‌ನಲ್ಲಿ ಚಿಂಗ್ (ಮಿಂಗ್ ನಂತರದ ಚೀನಾ ರಾಜವಂಶ) ಪ್ರತಿನಿಧಿ ಅವನೊಬ್ಬನೇ, ಹೆಸರಿನಿಂದಲೇ ಸಿಗುತ್ತಾನೆ, ಹಾಳೆ ಬೇಡವೇ ಬೇಡ. ಕೊರಿಯಾದ ಗಾದೊ ದ್ವೀಪದಲ್ಲಿ ಕೂತಿದ್ದ ಮಿಂಗ್ ಸೇನಾನಿ ಮಾವ್ ವೆನ್‌ಲೊಂಗ್‌ನದು ಬೇರೆ ಕಥೆ. ಅವನನ್ನು 1629ರಲ್ಲಿ ಮಿಂಗ್‌ನವನೇ ಆದ ಯುವಾನ್ ಚೊಂಗ್‌ಹುವಾನ್ ಕೊಲ್ಲಿಸಿದ. ಸುಂಗ್‌ಜೊಂಗ್‌ವೊನ್ (ಜೊಸೊನ್ ರಾಜನ ಕಾರ್ಯಾಲಯ) ದಿನಚರಿ 1623ರಿಂದ ಉಳಿದಿರುವುದರಿಂದ ಮಾವ್ ಕಾಲಕ್ಕೆ ಸಿಲ್ಲೊಕ್, ದಿನಚರಿ ಎರಡೂ ದಾಖಲೆ ಪಕ್ಕಪಕ್ಕ ಇಟ್ಟು ನೋಡಬಹುದು. ಈಗ ಅದನ್ನೇ ಮಾಡುತ್ತಿದ್ದೇನೆ.