ಯುಪಿಆರ್: ಜಿನೀವಾದಲ್ಲಿ ಕಳ್ಕೊಂಡಿದ್ದು, ಚಾಣಕ್ಯಪುರಿಯಲ್ಲಿ ಸಿಕ್ಕಿದ್ದು

ಇಂಟರ್ನೆಟ್ ಬಂದ್ ಮಾಡೋ ವಿಷಯ ಒಂದನ್ನೇ ಹಿಡ್ಕೊಂಡು ಯುಪಿಆರ್‌ಗೆ (ವಿಶ್ವಸಂಸ್ಥೆಯಲ್ಲಿ ಒಂದೊಂದು ದೇಶದ ಮಾನವ ಹಕ್ಕು ಸ್ಥಿತಿಯನ್ನ ಬೇರೆ ದೇಶಗಳು ಸರದಿ ಪ್ರಕಾರ ನೋಡಿ ಶಿಫಾರಸು ಕೊಡೋ ರಿವ್ಯೂ) ರಿಪೋರ್ಟ್ ಹಾಕ್ತೀನಿ ಅಂದಾಗ ನಮ್ಮ ಬಳಗದೋರೇ ನಕ್ಕಿದ್ರು, ಪ್ರೈವೆಸಿ ಬೇಡ್ವಾ ಆಧಾರ್ ಬೇಡ್ವಾ ಅಂತ. ಅವರದ್ದೂ ತಪ್ಪಲ್ಲ ಬಿಡಿ, ಹಿಂದಿನ ಸಲ ನಾನೇ 2815 ಪದದ ಮಿತಿಯೊಳಗೆ ಹನ್ನೆರಡು ವಿಷಯ ತುರುಕಿದ್ದೆ, ಉಪ್ಪಿನಕಾಯಿ ಬಡಿಸ್ದಂಗೆ ಒಂದೊಂದು ಚೂರು.

2017ರ ಮೇ 4ಕ್ಕೆ ಭಾರತದ ಸರದಿ. ಗೆಳೆಯರ ಸಂಸ್ಥೆಯ ಬ್ಯಾಡ್ಜ್ (ಒಳಗೆ ಹೋಗೋ ಪಾಸ್) ಮೇಲೆ ಜಿನೀವಾಕ್ಕೆ ಹೋದೆ. ಟಿಕೆಟ್, ವೀಸಾ, ಹಾಸ್ಟೆಲ್ ಸೇರಿ ಒಂದೂವರೆ ಲಕ್ಷದ ಹತ್ರ, ಅರ್ಧ ನಮ್ಮ ಭಾವನ ಹತ್ರ ಕೈಸಾಲ. ವಿಶ್ವಸಂಸ್ಥೆ ಬಿಲ್ಡಿಂಗಿನ ಸರ್ಪೆಂಟ್ ಬಾರ್‌ನಲ್ಲಿ ಕೂತು ಫ್ರಾಂಕ್ ಲೆಕ್ಕದಲ್ಲಿ ಕಾಫಿ ಕುಡೀತಾ ಸಿಕ್ಕಿದೋರಿಗೆಲ್ಲಾ ಪ್ರಿಂಟೌಟ್ ಕೊಟ್ಟೆ. ಒಬ್ಬ ಡಿಪ್ಲೊಮ್ಯಾಟ್ ಪಾಪ ಒಳ್ಳೇವ್ನು, ನಮ್ಮ ಶಿಫಾರಸು ಎರಡು ವಾರದ ಹಿಂದೇನೇ ಫೈನಲ್ ಆಗಿದೆ, ನೀವು ಈಗ ಬಂದಿದ್ದೀರಲ್ಲಾ ಅಂದ. ಕಾಫಿ ಗಂಟಲಲ್ಲೇ ನಿಂತ್ಕೊಳ್ತು.

ಹನ್ನೆರಡು ವಿಷಯಾನೂ ಬೇಡ, ತಡವಾಗಿ ಹೋಗೋದೂ ಬೇಡ ಅಂತ 2022ರ ಸರದಿಗೆ ಒಂದೇ ವಿಷಯ. ಮಂಗಳೂರಲ್ಲಿ 2019ರ ಡಿಸೆಂಬರ್ 19ರ ಗೋಲಿಬಾರ್ ಆದ್ಮೇಲೆ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ರಲ್ಲ, ಅದರ ಆದೇಶದ ಕಾಪಿಗೆ ಹತ್ತು ರೂಪಾಯಿ ಹಾಕಿ ಆರ್‌ಟಿಐ ಕೊಟ್ಟೆ. 2020ರ ಜನವರಿಯಲ್ಲೇ ಅನುರಾಧಾ ಭಸೀನ್ ಕೇಸಲ್ಲಿ (ಕಾಶ್ಮೀರದ ಇಂಟರ್ನೆಟ್ ಬಂದ್ ಪ್ರಶ್ನಿಸಿದ ಕೇಸು) ಸುಪ್ರೀಂ ಕೋರ್ಟ್ ಇಂಥ ಆದೇಶ ಪ್ರಕಟ ಮಾಡ್ಲೇಬೇಕು ಅಂದಿತ್ತು, ಆದ್ರೂ ಒಂದು ಕಚೇರಿ ಇನ್ನೊಂದರ ಮೇಲೆ ಹಾಕ್ತು, ಅಪೀಲು ಅದು ಇದು ಅಂತ ಏಳೆಂಟು ತಿಂಗಳು ಹೋಯ್ತು. ಕೊನೆಗೆ ಕೆಲಸಕ್ಕೆ ಬಂದಿದ್ದು ಒಬ್ಬ ಫುಡ್ ಡೆಲಿವರಿ ಹುಡುಗನ ಸ್ಕ್ರೀನ್‌ಶಾಟು. ಗಳಿಕೆ ಕಾಲಮ್ಮಲ್ಲಿ ಸೊನ್ನೆ, ಮಾರನೇ ದಿನಾನೂ ಸೊನ್ನೆ. ರಿಪೋರ್ಟಿನ ಅನೆಕ್ಸ್‌ಗೆ ಅದೊಂದೇ ಹಾಕಿದ್ದು. ಮಾನವ ಹಕ್ಕು ಮಂಡಳಿಯ 20/8, 32/13 ನಿರ್ಣಯಗಳ (ಇಂಟರ್ನೆಟ್ಟಲ್ಲೂ ಮಾನವ ಹಕ್ಕು ಇರುತ್ತೆ ಅನ್ನೋವು) ಮೇಲೆ ಮೂರು ಪ್ಯಾರಾ ಬರೆದಿದ್ದೆ, ಕಿತ್ತು ಫುಟ್‌ನೋಟಿಗೆ ತಳ್ಳಿದೆ, ಅದು ಪದದ ಲೆಕ್ಕಕ್ಕೆ ಬರಲ್ಲ.

ಮಧ್ಯೆ ಊನಿ ಪ್ರೋಬ್ ಅನ್ನೋ, ಸೈಟ್ ಬ್ಲಾಕ್ ಆಗಿದ್ಯಾ ಅಂತ ಪರೀಕ್ಷೆ ಮಾಡೋ ಆ್ಯಪ್ ಹಾಕ್ಕೊಂಡು ಒಂದು ತಿಂಗಳು ಆಟ ಆಡ್ದೆ. ಸೈಟ್ ಬ್ಲಾಕ್ ಹಿಡಿಯೋಕೆ ಚೆನ್ನಾಗಿದೆ, ಪೂರ್ತಿ ಬಂದ್ ಆದ್ರೆ ರಿಸಲ್ಟ್ ಅಪ್‌ಲೋಡ್ ಮಾಡೋಕೆ ನೆಟ್ಟೇ ಇರಲ್ಲ, ಏನ್ ಮಾಡ್ತೀರಿ.

ಜುಲೈ-ಆಗಸ್ಟಲ್ಲಿ ದೆಹಲಿಗೆ ಎರಡು ಸಲ ಕರ್ನಾಟಕ ಎಕ್ಸ್‌ಪ್ರೆಸ್ಸಲ್ಲಿ ಹೋಗಿ ಚಾಣಕ್ಯಪುರಿಯ ಆರೇಳು ಎಂಬಸಿ ಸುತ್ತಿದೆ. ಕೈಯಲ್ಲಿ ಒಂದೇ ಹಾಳೆ. ರಿವ್ಯೂನಲ್ಲಿ ಒಂದೊಂದು ದೇಶಕ್ಕೆ ಸಿಗೋದು ಒಂದು ನಿಮಿಷದ ಆಸುಪಾಸು, ಅವರು ನಮ್ಮ ಪುರಾಣ ಓದಲ್ಲ, ನೇರ ಓದಿ ಹೇಳೋ ಥರ ವಾಕ್ಯ ಬರ್ಕೊಡ್ಬೇಕು. ನಮ್ಮ ವಾಕ್ಯದಲ್ಲಿ ಬಂದ್ ಮಾಡಬೇಡಿ ಅನ್ನೋದರ ಜೊತೆ ಸ್ಲೋ ಮಾಡಬೇಡಿ ಅಂತಾನೂ ಇತ್ತು. ಕಾಶ್ಮೀರದಲ್ಲಿ ಪೂರ್ತಿ ಬಂದ್ ಆಗಿದ್ದ ಮೊಬೈಲ್ ಇಂಟರ್ನೆಟ್ 2020ರ ಜನವರಿಗೆ ಬರೀ 2ಜಿಯಲ್ಲಿ ಬಂತು, ವಾಪಸ್ 4ಜಿ ಬಂದಿದ್ದು 2021ರ ಫೆಬ್ರವರಿಗೆ, ಅಷ್ಟು ದಿನ ಇಂಟರ್ನೆಟ್ ಇದೆ ಅಂತಾನೇ ಹೇಳ್ಕೊಂಡ್ರು. ಇದು ಒಂದು ಎಂಬಸಿಯ ಮೇಡಂಗೆ ಅರ್ಥ ಆಗ್ಲಿಲ್ಲ. ನನ್ನ ಫೋನ್ 2ಜಿಗೆ ಹಾಕಿ (ಏರ್‌ಟೆಲ್‌ನಂಥ ಸಿಮ್ ಬೇಕು, ಜಿಯೋದಲ್ಲಿ 2ಜಿನೇ ಇಲ್ಲ) ನಿಮ್ಮದೇ ವೀಸಾ ಪೇಜ್ ತೆಗೀರಿ ಮೇಡಂ ಅಂತ ಕೊಟ್ಟೆ. ನಾಲ್ಕು ನಿಮಿಷ ಚಕ್ರ ತಿರುಗ್ತಾನೇ ಇತ್ತು, ಟೀ ಬಂತು, ಪೇಜ್ ಬರ್ಲಿಲ್ಲ. ಹಾಳೆ ಇನ್ನೊಂದು ಕಾಪಿ ಕೊಡಿ ಅಂದ್ರು.

ನವೆಂಬರ್ 10ಕ್ಕೆ ಭಾರತದ ರಿವ್ಯೂನ ಮನೇಲೇ ಕೂತು ವಿಶ್ವಸಂಸ್ಥೆಯ ವೆಬ್ ಟಿವಿಲಿ ನೋಡಿದೆ. ಸ್ವಿಟ್ಜರ್ಲೆಂಡ್ ಸರದಿ ಬಂದಾಗ ಇಂಟರ್ನೆಟ್ ನಿಧಾನ ಮಾಡೋದಾಗ್ಲಿ ತಡೆಯೋದಾಗ್ಲಿ ಬೇಡ ಅಂತ ಬಂತು ನೋಡಿ, ಕುರ್ಚಿಯಿಂದ ಎದ್ದೇಬಿಟ್ಟೆ. ಪೂರ್ತಿ ನಂದೇ ಅನ್ನಲ್ಲ, ಎಷ್ಟೋ ಸಂಸ್ಥೆಗಳು ಇದೇ ಕೇಳಿದ್ವು, ಆದ್ರೆ ‘ನಿಧಾನ’ ಅನ್ನೋ ಪದ ಬಂತಲ್ಲ. ಒಟ್ಟು 339 ಶಿಫಾರಸಲ್ಲಿ ಅದೂ ಒಂದು.

ಈ ಸಲದ ಖರ್ಚು ಇಪ್ಪತ್ತೆರಡು ಸಾವಿರ ಇರಬೇಕು, ಕರೋಲ್ ಬಾಗ್ ರೂಮು, ಆಟೋ ಎಲ್ಲಾ ಸೇರಿ. ಅವತ್ತು ನಕ್ಕಿದ್ದೋರಲ್ಲಿ ಒಬ್ರು ಆ ಹಾಳೆ ಕಳ್ಸು ಮಾರಾಯ ಅಂತ ಫೋನ್ ಮಾಡಿದ್ರು, ಕಳಿಸ್ದೆ. ಎಂಬಸಿಯೋರು ಎರಡೇ ದಿನಕ್ಕೆ ಟೈಮ್ ಕೊಡೋ ಥರ ಮೇಲ್‌ಗೆ ಏನ್ ಸಬ್ಜೆಕ್ಟ್ ಹಾಕ್ತೀಯ ಅಂತಾನೂ ಕೇಳಿದ್ರು, ಅದು ಮಾತ್ರ ಹೇಳಿಲ್ಲ.