ವಾಡಿಕೆಯ ತಪಾಸಣೆಯಲ್ಲಿ ಬೆಳವಣಿಗೆಯ ವಿಳಂಬವನ್ನು ಗುರುತಿಸುವ ಕ್ರಮ

ಲಸಿಕೆಗೋ ತೂಕ ನೋಡಿಸುವುದಕ್ಕೋ ಬಂದ ಮಗು ವೈದ್ಯರ ಎದುರಿಗಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅದು ಅಳುತ್ತಿರಬಹುದು, ಹೊಸ ಮುಖ ಕಂಡು ಹೆದರಿರಬಹುದು. ಆದ್ದರಿಂದ ಎಷ್ಟೇ ಅನುಭವವಿದ್ದರೂ ಕಣ್ಣಂದಾಜನ್ನಷ್ಟೇ ನಂಬಿದರೆ ಬೆಳವಣಿಗೆಯ ವಿಳಂಬ (ಮಾತು, ಚಲನೆ, ವರ್ತನೆಗಳು ವಯಸ್ಸಿಗೆ ತಕ್ಕಂತೆ ಬೆಳೆಯದಿರುವುದು), ಅದರಲ್ಲೂ ಸೌಮ್ಯವಾದದ್ದು, ಗಮನಕ್ಕೆ ಬಾರದೆ ಹೋಗುತ್ತದೆ.

ಮಗುವಿನ ಮಾತು, ಚಲನೆ, ವರ್ತನೆಗಳ ಬಗ್ಗೆ ಆತಂಕವೇನಾದರೂ ಇದೆಯೇ ಎಂದು ಪ್ರತಿ ಭೇಟಿಯಲ್ಲೂ ಪೋಷಕರನ್ನು ಕೇಳಬೇಕು. ಇದರ ಜೊತೆಗೆ, ಮೇಲ್ನೋಟಕ್ಕೆ ತೊಂದರೆಯಿಲ್ಲದ ಮಕ್ಕಳನ್ನೂ ಒಳಗೊಂಡಂತೆ ಎಲ್ಲರನ್ನೂ 9, 18 ಮತ್ತು 30 ತಿಂಗಳಲ್ಲಿ ಪ್ರಮಾಣೀಕೃತ ಪ್ರಶ್ನಾವಳಿಯಿಂದ ಪರಿಶೀಲಿಸಬೇಕೆಂದೂ, 18 ಮತ್ತು 24 ತಿಂಗಳಲ್ಲಿ ಆಟಿಸಂಗಾಗಿ (ಸಂವಹನ ಮತ್ತು ಸಾಮಾಜಿಕ ಒಡನಾಟದಲ್ಲಿ ತೊಡಕು ತರುವ ಬೆಳವಣಿಗೆಯ ಸ್ಥಿತಿ) ಪ್ರತ್ಯೇಕ ಸ್ಕ್ರೀನಿಂಗ್ ನಡೆಸಬೇಕೆಂದೂ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಶಿಫಾರಸು ಮಾಡುತ್ತದೆ.

ಇಂಥ ಪ್ರಮಾಣೀಕೃತ ಪ್ರಶ್ನಾವಳಿಗಳಲ್ಲೊಂದಾದ, ಪೋಷಕರೇ ತುಂಬುವ ಎಎಸ್‌ಕ್ಯೂ-3 ಪ್ರಶ್ನಾವಳಿ ಸಂವಹನ, ದೊಡ್ಡ ಸ್ನಾಯುಗಳ ಚಲನೆ, ಕೈಬೆರಳುಗಳ ಸೂಕ್ಷ್ಮ ಚಲನೆ, ಸಮಸ್ಯೆ ಬಿಡಿಸುವಿಕೆ, ಸಾಮಾಜಿಕ ನಡವಳಿಕೆ ಎಂಬ ಐದು ವಿಭಾಗಗಳನ್ನು ಅಳೆಯುತ್ತದೆ. ಸಾಧ್ಯವಾದರೆ ಅದನ್ನು ಭೇಟಿಗೆ ಮುಂಚೆಯೇ ಕೊಡುವುದು ಒಳ್ಳೆಯದು. ಮನೆಯಲ್ಲಿ ಮಗುವಿನಿಂದ ಮಾಡಿಸಿ ನೋಡಿ ಬರೆದ ಉತ್ತರ ಹೆಚ್ಚು ನಂಬಲರ್ಹ. ಓದಲು ಬಾರದವರಿಗೆ ಪ್ರಶ್ನೆಗಳನ್ನು ಓದಿ ಹೇಳಬೇಕು, ಆದರೆ ಉತ್ತರವನ್ನು ಸೂಚಿಸಬಾರದು. ಅವಧಿಗೆ ಮೂರು ವಾರ ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಸರಿಪಡಿಸಿದ ವಯಸ್ಸನ್ನೇ ಬಳಸಬೇಕು: ಎರಡು ತಿಂಗಳು ಮೊದಲೇ ಹುಟ್ಟಿದ ಒಂಬತ್ತು ತಿಂಗಳ ಕೂಸನ್ನು ಏಳು ತಿಂಗಳಿನದೆಂದು ಎಣಿಸಬೇಕು.

ಅಂಕಗಳನ್ನು ಅದೇ ಭೇಟಿಯಲ್ಲಿ ಲೆಕ್ಕ ಹಾಕಿ ಪೋಷಕರಿಗೆ ತಿಳಿಸಿ. ಆಟಿಸಂಗೆ ಬಳಸುವ, ಇಪ್ಪತ್ತು ಪ್ರಶ್ನೆಗಳ ಎಂ-ಚಾಟ್-ಆರ್‌ನಲ್ಲಿ 3ರಿಂದ 7 ಅಂಕ ಬಂದರೆ ಅನುಸರಣಾ ಪ್ರಶ್ನೆಗಳನ್ನು ಕೇಳಬೇಕು; 8 ಅಥವಾ ಹೆಚ್ಚು ಬಂದರೆ ನೇರವಾಗಿ ತಜ್ಞರ ಬಳಿಗೆ ಕಳುಹಿಸಬೇಕು. ಇದು ರೋಗನಿರ್ಣಯವಲ್ಲ, ಹೆಚ್ಚಿನ ಪರೀಕ್ಷೆ ಬೇಕೆಂಬ ಸೂಚನೆಯಷ್ಟೇ ಎಂಬುದನ್ನು ಪೋಷಕರಿಗೆ ಸಮಾಧಾನದಿಂದ ವಿವರಿಸಬೇಕು.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ಮಾತೆಂದರೆ "ಗಂಡುಮಗು ತಡವಾಗಿಯೇ ಮಾತಾಡುತ್ತದೆ, ಕಾದು ನೋಡೋಣ" ಎಂಬುದು. ಮಿದುಳು ವೇಗವಾಗಿ ರೂಪುಗೊಳ್ಳುವ ತಿಂಗಳುಗಳು ಆ ಕಾಯುವಿಕೆಯಲ್ಲೇ ಕಳೆದುಹೋಗುತ್ತವೆ. ಮಾತು ತಡವಾದ ಪ್ರತಿ ಮಗುವಿಗೂ, ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ತೊಂದರೆ ಕಾಣದಿದ್ದರೂ, ಶ್ರವಣ ಪರೀಕ್ಷೆ ಮಾಡಿಸಬೇಕು. ತಜ್ಞರ ಭೇಟಿಗೆ ದಿನ ನಿಗದಿಯಾಗುವವರೆಗೆ ವಾಕ್ ಚಿಕಿತ್ಸೆಯನ್ನಾಗಲಿ ಫಿಸಿಯೊಥೆರಪಿಯನ್ನಾಗಲಿ ತಡೆಹಿಡಿಯಬೇಕಿಲ್ಲ. ಕಲಿತ ಮಾತನ್ನೋ ಕೌಶಲವನ್ನೋ ಮಗು ಕಳೆದುಕೊಂಡಿದ್ದರೆ ಅಂಕಗಳಿಗಾಗಿ ಕಾಯದೆ, ಯಾವ ವಯಸ್ಸಿನಲ್ಲಾದರೂ, ಕೂಡಲೇ ಕಳುಹಿಸಬೇಕು.

ಅಂಕಗಳು ಗಡಿರೇಖೆಯ ಬಳಿ ಇದ್ದರೆ ಮನೆಯಲ್ಲಿ ಮಾಡಿಸುವ ಆಟಗಳನ್ನು ತಿಳಿಸಿ, ಮರುಪರೀಕ್ಷೆಯ ದಿನಾಂಕವನ್ನು ಬರೆದುಕೊಡಿ. ತಜ್ಞರ ಬಳಿಗೆ ಕಳುಹಿಸಿದ ಮಕ್ಕಳ ಪಟ್ಟಿಯನ್ನು ಪ್ರತ್ಯೇಕವಾಗಿಟ್ಟು, ಅವರು ಅಲ್ಲಿಗೆ ತಲುಪಿದರೇ ಎಂದು ಫೋನ್ ಮಾಡಿ ವಿಚಾರಿಸಿ.